ಚಿಕ್ಕಮ್ಮನ ಮುಖದ ಪರ-ವಿರೋಧ

ನನ್ನ ಫೋನಿಗೆ, ಕೇಳದಿದ್ದರೂ ನೆನಪು ಮಾಡಿಕೊಡುವ ಚಟವಿದೆ. ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ತಾನೇ ಒಂದು ಪುಟ್ಟ ವಿಡಿಯೋ ಕಟ್ಟಿ, ಹಿಂದೆ ಪಿಟೀಲು ನುಡಿಸಿ, ಮೇಲೆ ‘ಮರೆಯಲಾಗದ ಕ್ಷಣಗಳು’ ಎಂಬರ್ಥದ ತಲೆಬರಹ ಕೊಟ್ಟು ನನ್ನ ಮುಂದೆ ಹಿಡಿಯಿತು. ನೋಡಿದರೆ ಬರೀ ವನಜಾಕ್ಷಿ ಚಿಕ್ಕಮ್ಮ. ನೇರ ನೋಟದ ಚಿಕ್ಕಮ್ಮ, ಎಡಗೆನ್ನೆಯ ಚಿಕ್ಕಮ್ಮ, ಬಲಗೆನ್ನೆಯ ಚಿಕ್ಕಮ್ಮ. ಒಂದರಲ್ಲೂ ನಗುವಿಲ್ಲ. ಹಿಂದೆ ಅದೇ ಹಿತ್ತಿಲ ಗೋಡೆ. ಕೈಗೊಂದು ನಂಬರಿನ ಸ್ಲೇಟು ಕೊಟ್ಟಿದ್ದರೆ ಪೊಲೀಸ್ ಠಾಣೆಯ ಬೋರ್ಡಿಗೆ ನೇರವಾಗಿ ಅಂಟಿಸಬಹುದಿತ್ತು. ಈ ಮರೆಯಲಾಗದ ಕ್ಷಣಗಳನ್ನು ತೆಗೆದವಳು ನಾನೇ. ‘ನಗಬೇಡ, ನಕ್ಕರೆ ಸಾಕ್ಷ್ಯ ಕೆಡುತ್ತದೆ’ ಎಂದು ಗದರಿಸಿದವಳೂ ನಾನೇ.

ವನಜಾಕ್ಷಿ ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಗುಬ್ಬಿಯ ಹೈಸ್ಕೂಲೊಂದರಲ್ಲಿ ಕನ್ನಡ ಮಿಸ್. ತುಮಕೂರಿನ ನಮ್ಮ ಮನೆಯಿಂದ ರಜೆ ಬಂತೆಂದರೆ ನನ್ನನ್ನು ಬಸ್ಸಿಗೆ ಹತ್ತಿಸಿ ಅಲ್ಲಿಗೆ ಕಳಿಸುತ್ತಿದ್ದರು. ಹೋದ ಮಕ್ಕಳು ಎಳನೀರು ಕುಡಿದು, ತೋಟದಲ್ಲಿ ಅಲೆದು ಬರುತ್ತಾರೆ ಎಂದು ನೀವು ಭಾವಿಸಬಹುದು. ನನ್ನನ್ನು ಚಿಕ್ಕಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸುತ್ತಿದ್ದಳು. ಅದೇ ವೇದಿಕೆ. ಅವಳ ಕೈಯಲ್ಲಿ ಸ್ಟೀಲ್ ತಟ್ಟೆ ಮತ್ತು ಸೌಟು. ಸೌಟಿನ ಮೊದಲ ಏಟು ಎಚ್ಚರಿಕೆಯ ಗಂಟೆ, ಎರಡನೆಯದು ಬಾಯಿ ಮುಚ್ಚುವ ಗಂಟೆ. ಚರ್ಚಾಸ್ಪರ್ಧೆಗೆ ತಯಾರಿ. ‘ಪರ ಮಾತಾಡೋಕೆ ಊರೆಲ್ಲಾ ಇದೆ, ನೀನು ವಿರೋಧ ತಗೋ’ ಎನ್ನುವಳು. ಹಾಗೆ ನಾನು ಹುಟ್ಟಾ ವಿರೋಧಿಯಾದೆ. ಹಾಲು ಆರೋಗ್ಯಕ್ಕೆ ಒಳ್ಳೆಯದೆಂಬುದರ ವಿರುದ್ಧ ಒಮ್ಮೆ ಎಂಥ ಭಾಷಣ ಬಿಗಿದೆನೆಂದರೆ ಪಕ್ಕದ ಮನೆಯವರು ಕಾಂಪೌಂಡಿನಾಚೆ ಬಂದು ನಿಂತು ಕೇಳಿದರು. ಚಿಕ್ಕಮ್ಮ ಗಂಟೆ ಬಾರಿಸಿ, ‘ವಾದ ಚೆನ್ನಾಗಿತ್ತು. ಹಾಲು ಕುಡಿ’ ಅಂದಳು.

ಗುಬ್ಬಿಯಲ್ಲಿ ಚಿಕ್ಕಮ್ಮನಿಗೆ ಇನ್ನೊಂದು ಹೆಸರಿದೆ: ನಿರೂಪಣೆ ಮೇಡಂ. ನಮ್ಮ ಕಡೆ ರಾಜ್ಯೋತ್ಸವ ಒಂದು ದಿನದ ಹಬ್ಬವಲ್ಲ. ಒಂದೊಂದು ಬಡಾವಣೆ, ಒಂದೊಂದು ಆಟೋ ಸ್ಟ್ಯಾಂಡು ಸರದಿಯ ಮೇಲೆ ಆಚರಿಸಿ ನವೆಂಬರನ್ನು ಡಿಸೆಂಬರಿನೊಳಕ್ಕೆ ಎಳೆದುಕೊಂಡು ಹೋಗುತ್ತವೆ. ಆ ಋತು ಪೂರ್ತಿ ಮೈಕ್ ಚಿಕ್ಕಮ್ಮನದು. ಅಂಚಿನ ಸೀರೆ ಉಟ್ಟು, ವೇದಿಕೆಯ ಎಡಗಡೆ ನಿಂತು, ಒಬ್ಬ ಗಣ್ಯರು ಇನ್ನೂ ಬರದಿದ್ದರೆ ಬರುವವರೆಗೂ ಸಭೆಯನ್ನು ಮಾತಿನಲ್ಲೇ ಹಿಡಿದು ಕೂರಿಸುವ ಶಕ್ತಿ ಅವಳಿಗಿತ್ತು.

ಹೋದ ಮಳೆಗಾಲದಲ್ಲಿ ಆ ಚಿಕ್ಕಮ್ಮ ಫೋನ್ ಮಾಡಿ, ‘ಭಾನುವಾರ ಬಾರೇ, ಕೆಲಸ ಇದೆ’ ಅಂದಳು. ಹೋದರೆ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕ ಬಾಟಲಿಗಳ ಸಾಲು. ಸೀರಮ್ಮು, ಬೆಳಗಿನ ಕ್ರೀಮು, ರಾತ್ರಿಯ ಕ್ರೀಮು, ಬಿಸಿಲಿಗೊಂದು. ಎಲ್ಲದರ ಮೇಲೂ ವಯಸ್ಸನ್ನು ಹಿಂದಕ್ಕೆ ಓಡಿಸುವ ಭರವಸೆ.

ತೋಟದಿಂದ ಬಂದು ಕಾಲು ತೊಳೆಯುತ್ತಿದ್ದ ಚಿಕ್ಕಪ್ಪ ಬಾಗಿಲಿನಿಂದಲೇ, ‘ಮನೆಗೆ ಸುಣ್ಣ ಹೊಡ್ಸುದ್ರೆ ಪಾಯದ ವಯಸ್ಸು ಇಳಿಯುತ್ತೇನಮ್ಮ ಸಿಂಧು?’ ಅಂದರು.

‘ನೀವು ಮೀಸೆಗೆ ಕಪ್ಪು ಬಳ್ಕೊಳೋದು ಯಾವ ಪಾಯಕ್ಕೆ?’ ಎಂದಳು ಚಿಕ್ಕಮ್ಮ. ಚಿಕ್ಕಪ್ಪ ಮತ್ತೊಮ್ಮೆ ಕಾಲು ತೊಳೆಯಲು ಹೋದರು.

ಆಮೇಲೆ ವಿಷಯ ಹೇಳಿದಳು. ಊರಿನ ಕನ್ನಡ ಬಳಗದ ಕಾರ್ಯದರ್ಶಿ ಲೋಕೇಶ ಅವಳ ಹಳೆಯ ವಿದ್ಯಾರ್ಥಿ. ಮನೆಗೆ ಬಂದು, ಕಾಫಿ ಕುಡಿದು, ಎದ್ದು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ‘ಈ ಸಲ ಸ್ವಲ್ಪ ಫ್ರೆಶ್ ಫೇಸ್ ಇರ್ಲಿ ಅಂತ ಕಮಿಟೀಲಿ ಮಾತು ಬಂತು ಮಿಸ್’ ಅಂದನಂತೆ.

‘ಮುಖ ಫ್ರೆಶ್ಶಾಗಿ ಕಾಣ್ಬೇಕಂತೆ ಕಣೇ. ಕಾಣ್ಸಿಬಿಡೋಣ. ನವೆಂಬರ್‌ಗೆ ಇನ್ನೂ ಟೈಮಿದೆ. ಇದೆಲ್ಲಾ ಕೆಲಸ ಮಾಡ್ತಿದ್ಯೋ ಇಲ್ವೋ ನೋಡಿ ಹೇಳೋರು ಬೇಕು. ಸ್ಕೂಲಲ್ಲಿ ಸುಮ್ಸುಮ್ನೆ ಹೊಗಳ್ತಾರೆ, ಇವ್ರು ನನ್ ಮುಖಾನೇ ನೋಡಲ್ಲ. ನೀನಾದ್ರೆ ಯಾವ್ದನ್ನೂ ನಂಬಲ್ಲ.’

‘ಹೋಗ್ಲಿ ಬಿಡು ಚಿಕ್ಕಮ್ಮ. ಒಂದು ವರ್ಷ ಮೈಕ್ ಇಲ್ದಿದ್ರೆ ಏನಾಗುತ್ತೆ?’

ಚಿಕ್ಕಮ್ಮ ಸೀರಮ್ಮಿನ ಮುಚ್ಚಳ ತಿರುಗಿಸುತ್ತಾ ನಿಧಾನವಾಗಿ ಹೇಳಿದಳು: ‘ಸ್ಕೂಲಲ್ಲಿ ಮಾತಾಡೋದು ಸಿಲಬಸ್ಸು. ಮನೇಲಿ ಮಾತಾಡೋದು ಅಡುಗೆ ವಿಷ್ಯ. ಅಲ್ಲೊಂದ್ಕಡೆ ಮಾತಾಡೋದು ನಾನು.’

ಇದಕ್ಕೆ ವಿರೋಧ ಹೂಡಲು ನನಗೆ ಅಂಶಗಳು ಸಿಗಲಿಲ್ಲ. ಆದ್ದರಿಂದ ಬಾಟಲಿಗಳ ಮೇಲೆ ಹರಿಹಾಯ್ದೆ. ‘ಕಾಣುವಂಥ ಫಲಿತಾಂಶ’ ಅಂತೆ. ಕಾಣುವಂಥ, ಯಾರಿಗೆ? ‘ಸುಕ್ಕುಗಳು ಕಡಿಮೆಯಾದಂತೆ ತೋರುತ್ತವೆ’ ಅಂತೆ. ತೋರುವುದು ಬೇರೆ, ಆಗುವುದು ಬೇರೆ. ಈ ಒಂದು ಕ್ರಿಯಾಪದದ ಸಂದಿಯಲ್ಲಿ ಇಡೀ ಕಂಪನಿ ನುಸುಳಿಕೊಂಡು ಹೋಗಬಹುದು. ಒಂದು ಭರವಸೆಯ ನೆತ್ತಿಯ ಮೇಲೆ ಪುಟ್ಟ ನಕ್ಷತ್ರ. ಅದರ ಜಾಡು ಹಿಡಿದು ಡಬ್ಬಿ ತಿರುಗಿಸಿದರೆ ತಳದಲ್ಲಿ ಇರುವೆ ಕಾಲಿನಷ್ಟು ಅಕ್ಷರಗಳಲ್ಲಿ ‘ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು’. ಅಂದರೆ ಚೆನ್ನಾಗಿ ಕಂಡರೆ ಕ್ರೀಮಿನ ಪುಣ್ಯ, ಕಾಣದಿದ್ದರೆ ವ್ಯಕ್ತಿಯ ಪಾಪ. ಚರ್ಚಾಸ್ಪರ್ಧೆಯಲ್ಲಿ ಇಂಥ ಎದುರಾಳಿ ಸಿಕ್ಕಿದ್ದರೆ ಎರಡನೆಯ ಗಂಟೆಯೊಳಗೆ ಮುಗಿಸಿಬಿಡುತ್ತಿದ್ದೆ.

ಮಾತಿನ ಭರದಲ್ಲಿ ಇನ್ನೊಂದು ವಾದವನ್ನೂ ಎಸೆದೆ. ನಮ್ಮ ಭಾಷೆಯಲ್ಲಿ ಹಣೆಯ ಮೇಲೆ ಬೀಳುವುದಕ್ಕೂ ಸೀರೆಯಲ್ಲಿ ಹಿಡಿಯುವುದಕ್ಕೂ ಒಂದೇ ಮಾತು: ನೆರಿಗೆ. ಸೀರೆಯ ನೆರಿಗೆ ಸಾಲಾಗಿ ನಿಂತರೆ ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಳ್ಳುವ ಹೆಂಗಸರು ಹಣೆಯ ನೆರಿಗೆ ಸಾಲಾಗಿ ನಿಂತರೆ ಯಾಕೆ ಹೆದರಬೇಕು?

‘ಸೀರೆ ಬಿಚ್ಚಿ ಮಡಚಿಡ್ಬೋದು ಕಣೇ’ ಅಂದಳು ಚಿಕ್ಕಮ್ಮ. ಗಂಟೆ ಬಾರಿಸದೆಯೇ ನಾನು ಕುಳಿತುಕೊಂಡೆ.

ಹೀಗೆ ಶುರುವಾದವು ನಮ್ಮ ಭಾನುವಾರಗಳು. ನಿಯಮಗಳೆಲ್ಲ ನನ್ನವು. ಅದೇ ಗೋಡೆ, ಅದೇ ಬೆಳಗಿನ ಬೆಳಕು, ಅದೇ ಹಳೆಯ ನೈಟಿ. ಕುಂಕುಮ ಇರಲಿ, ಪೌಡರ್ ಕೂಡದು. ಸ್ನಾನದ ನಂತರ ಬಂದರೆ ತಿರಸ್ಕೃತ, ಯಾಕೆಂದರೆ ಸ್ನಾನವಾದ ಮೇಲೆ ಯಾರ ಮುಖವಾದರೂ ಒಳ್ಳೆಯದಾಗೇ ಇರುತ್ತದೆ. ನಾನು ತುಮಕೂರಿನಿಂದ ಮೊದಲ ಬಸ್ಸಿಗೇ ಬರಬೇಕಿತ್ತು. ಬಂದರೆ ಚಿಕ್ಕಮ್ಮ ತಟ್ಟೆ ಇಡ್ಲಿ ತರಿಸಿಟ್ಟು, ತಾನು ಮುಖ ತೊಳೆಯದೆ, ಸಾಕ್ಷ್ಯ ಕೆಡದಂತೆ ಹಿತ್ತಿಲಲ್ಲಿ ಕಾದು ಕೂತಿರುತ್ತಿದ್ದಳು. ಸ್ಕೂಲಿನಲ್ಲಿ ಮಕ್ಕಳನ್ನು ಬಗ್ಗಿಸಿದವಳು ನನ್ನ ಮುಂದೆ ಗಲ್ಲ ಎತ್ತು ಅಂದರೆ ಎತ್ತುತ್ತಿದ್ದಳು, ತಿರುಗು ಅಂದರೆ ತಿರುಗುತ್ತಿದ್ದಳು.

ಕೆಲವು ವಾರ ಕಳೆದ ಮೇಲೆ ಮೊದಲಿನ ಫೋಟೋವನ್ನೂ ಆ ದಿನದ ಫೋಟೋವನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಮೊದಲಿನ ಫೋಟೋದಲ್ಲಿ ಚಿಕ್ಕಮ್ಮನ ಕೆನ್ನೆ ಬೆಣ್ಣೆ ಸವರಿದ ಹಾಗೆ ನುಣ್ಣಗಿತ್ತು. ಈಗಿನದರಲ್ಲಿ ಕಣ್ಣಿನ ಕೊನೆಯಿಂದ ಗೆರೆಗಳು ಕಾಲುದಾರಿಯಂತೆ ಕವಲೊಡೆದಿದ್ದವು.

‘ಹಚ್ಚಿ ಹಚ್ಚಿ ವಯಸ್ಸಾಯ್ತಲ್ಲೇ!’ ಎಂದು ಚಿಕ್ಕಮ್ಮ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು.

ಒಪ್ಪುತ್ತೇನೆ, ಒಂದು ಕ್ಷಣ ನನಗೆ ಖುಷಿಯಾಯಿತು. ವಿರೋಧ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ? ಆದರೆ ಅನುಮಾನದ ರೋಗ ಇರುವವರಿಗೆ ತಮಗೆ ಅನುಕೂಲವಾದ ಸಾಕ್ಷಿಯ ಮೇಲೂ ಅನುಮಾನವೇ. ಎರಡೂ ಫೋಟೋ ಕೆದಕಿದೆ. ಮೊದಲಿನದು ಚಿಕ್ಕಮ್ಮನ ಫೋನಿನಲ್ಲಿ ತೆಗೆದದ್ದು. ಅದರ ಹೊಟ್ಟೆ ಶುಭೋದಯದ ಹೂಗಳಿಂದ ತುಂಬಿಹೋಗಿ ಜಾಗ ಇಲ್ಲವೆಂದದ್ದರಿಂದ ಮುಂದಿನ ವಾರಗಳಲ್ಲಿ ನನ್ನ ಫೋನು ಬಳಸಿದ್ದೆ. ಅವಳ ಫೋನಿನ ಕ್ಯಾಮೆರಾದಲ್ಲಿ ಮುಖ ನುಣುಪು ಮಾಡುವ ‘ಬ್ಯೂಟಿ’ ಗುಂಡಿ ಅಂಗಡಿಯಿಂದ ಬರುವಾಗಲೇ ಒತ್ತಿಕೊಂಡು ಬಂದಿತ್ತು. ಆ ಫೋನಿನಲ್ಲಿ ತೋಟದ ತೆಂಗಿನಕಾಯಿ ತೆಗೆದರೂ ಅದಕ್ಕೆ ತುಟಿ ಎಲ್ಲಿ ಎಂದು ಹುಡುಕುತ್ತಿತ್ತು. ಅಂದರೆ ಕ್ರೀಮಿಗಿಂತ ಮೊದಲೇ ಚಿಕ್ಕಮ್ಮನ ವಯಸ್ಸನ್ನು ಫೋನು ಇಳಿಸಿಟ್ಟಿತ್ತು. ನನ್ನ ಇಷ್ಟು ವಾರಗಳ ಶಿಸ್ತೆಲ್ಲ ನೀರಿನಲ್ಲಿ ಹೋಮ.

ಕ್ಯಾಮೆರಾ ಬಿಟ್ಟು ಮನುಷ್ಯರ ಕಣ್ಣನ್ನು ನಂಬೋಣವೆಂದುಕೊಂಡೆ. ಕುಣಿಗಲ್‌ನಲ್ಲಿ ನೆಂಟರ ಗೃಹಪ್ರವೇಶವಿತ್ತು. ಕ್ರೀಮಿನ ಸುದ್ದಿ ಯಾರಿಗೂ ತಿಳಿಸದೆ ಚಿಕ್ಕಮ್ಮನನ್ನು ಜನರ ನಡುವೆ ಬಿಡುವುದು, ಯಾರು ಏನನ್ನುತ್ತಾರೆಂದು ನಾನು ಹಿಂದೆ ನಿಂತು ಕೇಳುವುದು. ಇದು ನನ್ನ ಯೋಜನೆ. ಹೊಸ ಮನೆಯ ಬಾಗಿಲು ದಾಟುವ ಮೊದಲೇ ಶುರುವಾಯಿತು.

‘ಯಾಕ್ ವನಜಾ, ಇಂಗ್ ಸೊರ್ಗೋಗಿದೀಯ?’

‘ಏನಮ್ಮಾ, ಅರ್ಧ ಆಗ್ಬುಟ್ಟಿದೀಯ! ಶುಗರ್ರಾ?’

‘ಶುಗರ್ ಅಲ್ದಿದ್ರೆ ಥೈರಾಯ್ಡು. ಒಂದ್ಸಲ ಚೆಕ್ ಮಾಡ್ಸ್‌ಬುಡು.’

ಚಿಕ್ಕಮ್ಮನ ಮುಖ ಪಾಯಸದ ಹೊತ್ತಿಗೆ ನಿಜವಾಗಿಯೂ ಸೊರಗಿತು. ಆದರೆ ಯೋಚಿಸಿ ನೋಡಿ. ನಮ್ಮ ಕಡೆ ಎದುರಿಗೆ ಸಿಕ್ಕವರನ್ನು ‘ಚೆನ್ನಾಗಿ ಕಾಣ್ತಿದೀಯ’ ಎಂದು ಹೊಗಳುವವರು ಯಾರಿದ್ದಾರೆ? ಹೊಗಳಿದರೆ ದೃಷ್ಟಿ. ಆದ್ದರಿಂದ ಪ್ರೀತಿ ಇದ್ದವರೆಲ್ಲ ಸೊರಗಿದೀಯ ಅನ್ನುತ್ತಾರೆ. ಪ್ರೀತಿ ಹೆಚ್ಚಿದ್ದವರು ಕಾಯಿಲೆಯ ಹೆಸರನ್ನೂ ಹೇಳುತ್ತಾರೆ. ಎಲ್ಲ ಉತ್ತರಪತ್ರಿಕೆಗೂ ಒಂದೇ ಉತ್ತರ ಬರೆಯುವ ಊರಿನಲ್ಲಿ ಪರೀಕ್ಷೆ ನಡೆಸಿ ಏನು ಪ್ರಯೋಜನ?

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ನಂಜಮ್ಮಜ್ಜಿ ಎಂಬ ನಮ್ಮ ದೂರದ ನೆಂಟರೊಬ್ಬರು ಚಿಕ್ಕಮ್ಮನನ್ನು ಹತ್ತಿರ ಕರೆದು, ಎರಡೂ ಕೈಯಿಂದ ಮುಖ ಸವರಿ, ತಮ್ಮ ಕಣತಲೆಗೆ ಬೆರಳೊತ್ತಿ ಲಟಲಟನೆ ನೆಟಿಗೆ ಮುರಿದರು. ‘ನನ್ ಕಣ್ಣೇ ಬೀಳಂಗದೆ ಕಣವ್ವ.’ ಚಿಕ್ಕಮ್ಮ ಗೆದ್ದವಳಂತೆ ನನ್ನತ್ತ ತಿರುಗಿದಳು. ನೆಟಿಗೆ ಬಿತ್ತಲ್ಲ! ಆದರೆ ನಾನು ಅಜ್ಜಿಯ ಪಕ್ಕವೇ ಕೂತು ಗಮನಿಸಿದೆ. ಚಿಕ್ಕಮ್ಮನ ನಂತರ ಬಂದ ಚಿಕ್ಕಪ್ಪನಿಗೂ ಅಜ್ಜಿ ಅಷ್ಟೇ ಜೋರಾಗಿ ನೆಟಿಗೆ ಮುರಿದರು. ಅಡುಗೆಯವನಿಗೂ ಮುರಿದರು. ಎರಡೂ ಕಣ್ಣಿಗೆ ಪೊರೆ ಬಂದಿರುವ ಸಾಕ್ಷಿಯನ್ನು ನಾನು ಒಪ್ಪಲಾರೆ ಎಂದೆ. ಚಿಕ್ಕಮ್ಮ ವಾಪಸ್ಸು ಬರುವ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದಳು.

ಆಗ ನನಗೆ ಅನ್ನಿಸಿತು: ಇಷ್ಟೆಲ್ಲವನ್ನೂ ಪ್ರಶ್ನಿಸಿದ್ದೇನೆ, ಮೂಲ ದೂರು ಕೊಟ್ಟವನನ್ನೇ ಕೇಳಿಲ್ಲವಲ್ಲ?

ಲೋಕೇಶನ ಫ್ಲೆಕ್ಸ್ ಅಂಗಡಿ ಗುಬ್ಬಿಯ ಬಸ್‌ಸ್ಟ್ಯಾಂಡಿನ ಹತ್ತಿರ. ಮುಂದಿನ ಭಾನುವಾರ ಬಸ್ಸಿಳಿದು ನೇರ ಅಲ್ಲಿಗೆ ಹೋದೆ. ಲೋಕೇಶಣ್ಣ ಕಂಪ್ಯೂಟರಿನ ಮುಂದೆ ಕೂತು ಬಳಗದ ಅಧ್ಯಕ್ಷರ ಮುಖವನ್ನು ಮೌಸಿನಿಂದ ಉಜ್ಜುತ್ತಿದ್ದ. ಒಂದು ಉಜ್ಜಿಗೆ ಕಣ್ಣಿನ ಕೆಳಗಿನ ಚೀಲ ಹೋಯಿತು, ಇನ್ನೊಂದಕ್ಕೆ ಗಲ್ಲದ ಕೆಳಗಿನ ಎರಡನೇ ಗಲ್ಲ. ನಮ್ಮ ಜಿಲ್ಲೆಯ ಮುಖಂಡರು ಯಾರಿಗೂ ಫ್ಲೆಕ್ಸಿನಲ್ಲಿ ವಯಸ್ಸಾಗದಿರುವುದರ ಗುಟ್ಟು ಇಲ್ಲಿತ್ತು.

‘ಲೋಕೇಶಣ್ಣ, ನೇರವಾಗೇ ಕೇಳ್ತೀನಿ. ಚಿಕ್ಕಮ್ಮನ ಮುಖಕ್ಕೆ ಏನಾಗಿದೆ?’

ಅವನು ಗಾಬರಿಯಿಂದ ಎದ್ದುನಿಂತ. ‘ಏನಾಯ್ತು ಮೇಡಂ? ಮಿಸ್ ಎಲ್ಲಾದ್ರೂ ಬಿದ್ರಾ?’

‘ಬಿದ್ದಿಲ್ಲ. ಫ್ರೆಶ್ ಫೇಸ್ ಬೇಕು ಅಂದ್ರಂತಲ್ಲ.’

‘ಓ, ಅದಾ!’ ಮತ್ತೆ ಕೂತ. ‘ಫ್ರೆಶ್ ಫೇಸ್ ಅಂದ್ರೆ ಮುಖದ್ ವಿಷ್ಯ ಅಲ್ಲ ಮೇಡಂ. ಹೊಸಬ್ರು ಯಾರಾದ್ರೂ ಮಾಡ್ಲಿ ಅಂತ. ಮಿಸ್ ಮುಖಕ್ಕೇನು, ನಮಗೆ ಪಾಠ ಮಾಡ್ದಾಗ ಎಂಗಿತ್ತೋ ಅಂಗೇ ಅದೆ.’

‘ಹೊಸಬ್ರು ಯಾಕೆ? ಹಳಬರಿಗೆ ಏನಾಗಿದೆ?’

ಲೋಕೇಶಣ್ಣ ಪರದೆಯ ಮೇಲಿನ ಅಧ್ಯಕ್ಷರನ್ನು ಚಿಕ್ಕದು ಮಾಡಿ, ಅವರಿಗೆ ಕೇಳಿಸೀತು ಎಂಬಂತೆ ದನಿ ತಗ್ಗಿಸಿದ. ‘ಹೋದ್ವರ್ಷ ನೀವ್ ಬಂದಿರ್ಲಿಲ್ಲ. ಅಧ್ಯಕ್ಷರು ಮೈಕ್ ಹಿಡ್ದು, ಸಮಸ್ತ ಕನ್ನಡಿಗರಿಗೂ ನನ್ನ ಆರ್ಥಿಕ ಸ್ವಾಗತ ಅಂದ್ಬುಟ್ರು. ಹಾರ್ದಿಕ ಅನ್ನೋಕೋಗಿ ಆರ್ಥಿಕ. ಯಾರೂ ಗಮನಿಸ್ತಿರ್ಲಿಲ್ಲ ಮೇಡಂ. ಮಿಸ್ ಸುಮ್ನಿರ್ಬೇಕಲ್ಲ? ಮೈಕ್ ಇಸ್ಕೊಂಡು, ಅಧ್ಯಕ್ಷರು ಕೋರಿರೋದು ಹಾರ್ದಿಕ ಸ್ವಾಗತ, ಆರ್ಥಿಕ ಅಂತ ತಿಳ್ಕೊಂಡು ಯಾರೂ ಸ್ಟೇಜ್ ಹತ್ರ ಕ್ಯೂ ನಿಲ್ಬೇಡಿ ಅಂದ್ರು. ಜನ ಕುರ್ಚಿಯಿಂದ ಬೀಳೋ ಹಂಗ್ ನಕ್ರು. ಅಧ್ಯಕ್ಷರು ಊಟಾನೂ ಮಾಡ್ದೆ ಹೊಂಟೋದ್ರು.’

ನಗು ತಡೆಯಲು ನನಗೆ ಬಹಳ ಕಷ್ಟವಾಯಿತು. ಒಂದು ಮಾತು ಹೇಳಿಬಿಡುತ್ತೇನೆ, ಚಿಕ್ಕಮ್ಮನ ಪರ ಇದೊಂದೇ. ಸಂತೆಯಲ್ಲಿ ಯಾರಾದರೂ ‘ಉಣಸೆಹಣ್ಣು’ ಅಂದರೆ ಅವಳು ತಿದ್ದುವವಳಲ್ಲ. ನಂಜಮ್ಮಜ್ಜಿಯ ‘ಅಂಗೆ ಇಂಗೆ’ ಅವಳಿಗೆ ಇಷ್ಟ. ಆದರೆ ಈ ಅಧ್ಯಕ್ಷರು ಇಂದಿನ ಮಕ್ಕಳಿಗೆ ಶುದ್ಧ ಕನ್ನಡ ಬಾರದೆಂದು ಪ್ರತಿ ವರ್ಷ ಅದೇ ಮೈಕಿನಲ್ಲಿ ಅವಳ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ಬೈಯುತ್ತಾರೆ.

‘ಒಂದ್ ಕೆಲಸ ಮಾಡಿ ಮೇಡಂ’ ಅಂದ ಲೋಕೇಶಣ್ಣ, ‘ನೀವೇ ಮಾಡ್ಕೊಡಿ. ಮನೆಯೋರೇ ಆದ್ರೆ ಮಿಸ್ಸಿಗೂ ಬೇಜಾರಾಗಲ್ಲ.’ ಆಗೋದಿಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳಿ ಬಂದೆ.

ಚಿಕ್ಕಮ್ಮ ಹಿತ್ತಿಲಲ್ಲಿ ಮುಖ ತೊಳೆಯದೆ ಕಾದಿದ್ದಳು. ಎಲ್ಲ ಹೇಳಿದೆ. ಅವಳು ಗಲ್ಲ ಎತ್ತಿಕೊಂಡೇ ಕೇಳಿಸಿಕೊಂಡಳು.

‘ಗೊತ್ತು ಕಣೇ’ ಅಂದಳು ಕೊನೆಗೆ.

‘ಗೊತ್ತಾ? ಫ್ರೆಶ್ ಫೇಸ್ ಅಂದ್ರೆ ಏನು ಅಂತ ಗೊತ್ತಿತ್ತಾ?’

‘ಇಷ್ಟು ವರ್ಷ ಪದಗಳ ಅರ್ಥ ಹೇಳ್ಕೊಂಡೇ ಅನ್ನ ತಿಂದಿದೀನಿ.’

‘ಮತ್ಯಾಕೆ ಇದೆಲ್ಲಾ ಹಚ್ಕೊಂಡೆ?’

ಚಿಕ್ಕಮ್ಮ ಎತ್ತಿದ್ದ ಗಲ್ಲ ಇಳಿಸಿದಳು. ‘ಮುಖ ಕಾರಣ ಅಂದ್ಕೊಂಡ್ರೆ ಕ್ರೀಮ್ ಹಚ್ಚಿ ಸರಿ ಮಾಡ್ಬೋದು. ಬಾಯಿ ಕಾರಣ ಅಂದ್ಕೊಂಡ್ರೆ ಮುಚ್ಕೋಬೇಕಾಗುತ್ತೆ.’

ಜೀವನದಲ್ಲಿ ಮೊದಲ ಬಾರಿಗೆ ನಾನು ಆ ಬಾಟಲಿಗಳ ಪರ ಏನಾದರೂ ಹೇಳೋಣವೆಂದು ಹುಡುಕಿದೆ. ಅಷ್ಟರಲ್ಲಿ ಅವಳು ಲೋಕೇಶನಿಗೆ ಫೋನ್ ಹಚ್ಚಿಯಾಗಿತ್ತು. ‘ಏನಪ್ಪಾ ಲೋಕೇಶ, ಹುಡ್ಗಿ ಬರ್ತಾಳೆ. ಹೂಂ, ಒಪ್ಸಿದೀನಿ.’ ಫೋನಿಟ್ಟು ನನಗೆ ಹೇಳಿದಳು: ‘ಬೇರೆ ಯಾರೋ ಬಂದ್ರೆ ಆ ಅಧ್ಯಕ್ಷರು ಏನಂದ್ರೂ ತಲೆ ಆಡಿಸ್ಕೊಂಡು ನಿಂತಿರ್ತಾರೆ. ನೀನೇ ನಿಂತ್ಕೋ.’

ರಾಜ್ಯೋತ್ಸವದ ಸಂಜೆ ನಾನು ವೇದಿಕೆಯ ಎಡಗಡೆ ನಿಂತೆ. ಚಿಕ್ಕಮ್ಮ ಸಭಿಕರ ನಡುವೆ ಕೂತಿದ್ದಳು. ಅಧ್ಯಕ್ಷರು ಎದ್ದರು. ‘ಸಮಸ್ತ ಕನ್ನಡಿಗರಿಗೂ ನನ್ನ...’ ಎಂದು ನಿಂತರು. ನನ್ನನ್ನೊಮ್ಮೆ ನೋಡಿದರು. ಆಮೇಲೆ ಚಿಕ್ಕಮ್ಮನನ್ನು. ‘ನನ್ನ ನಮಸ್ಕಾರ’ ಅಂದರು. ಚಿಕ್ಕಮ್ಮ ಪಕ್ಕದವರಿಗೆ ಕೇಳುವಷ್ಟು ಜೋರಾಗಿ ‘ತಪ್ಪಿಸ್ಕೊಂಡ್ರು’ ಅಂದದ್ದು ನನಗೂ ಕೇಳಿತು.

ಕಾರ್ಯಕ್ರಮ ಅರ್ಧವಾಗಿದ್ದಾಗ ಲೋಕೇಶಣ್ಣ ಒಂದು ಚೀಟಿ ತಂದು ನನ್ನ ಕೈಗಿಟ್ಟ. ಆಮಂತ್ರಣದಲ್ಲಿ ಇಲ್ಲದ ಸನ್ಮಾನ. ಶ್ರೀಮತಿ ವನಜಾಕ್ಷಿ ಅವರಿಗೆ, ಅಧ್ಯಕ್ಷರಿಂದ. ನನಗೆ ಅನುಮಾನ ಬಂತು. ನಮ್ಮ ಕಡೆ ಯಾರನ್ನಾದರೂ ನಯವಾಗಿ ಮನೆಗೆ ಕಳಿಸಬೇಕಾದರೆ ಶಾಲು ಹೊದಿಸುತ್ತಾರೆ. ಹೊದಿಸಿಕೊಂಡವರನ್ನು ಮುಂದಿನ ವರ್ಷದಿಂದ ಮೊದಲ ಸಾಲಿನಲ್ಲಿ ಕೂರಿಸುತ್ತಾರೆ, ಮೈಕಿನ ಹತ್ತಿರ ಕರೆಯುವುದಿಲ್ಲ. ಚಿಕ್ಕಮ್ಮನಿಗೂ ಅದು ತಿಳಿಯದ್ದಲ್ಲ. ಹೆಸರು ಕೂಗಿದಾಗ ಸೆರಗು ಸರಿಮಾಡಿಕೊಂಡು ಬಂದಳು. ಅವಳಿಗೆಂದು ನಡುವೆ ಒಂದು ಕುರ್ಚಿ ಹಾಕಿದ್ದರು. ಕೂತಳು. ಶಾಲು ಬಿತ್ತು, ಹಾರ ಬಿತ್ತು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಬಂದು ಕೂತಿತು. ಬುಟ್ಟಿಯ ಹಿಂದೆ ಅವಳು ಇದ್ದಕ್ಕಿದ್ದಂತೆ ಚಿಕ್ಕದಾಗಿ ಕಂಡಳು.

ಗಂಡಾಂತರ ದಾಟಿದ ನೆಮ್ಮದಿಯಲ್ಲಿ ಅಧ್ಯಕ್ಷರು ಮೈಕ್ ಹಿಡಿದು ಗಂಟಲು ಬಿಚ್ಚಿದರು. ‘ಇವರು ನಮ್ಮ ಊರಿನ ಇರಿಯ ನಿರೂಪಕಿ! ಇಂಥ ಇರಿಯರು ನಮ್ಮ ನಡುವೆ ಇರುವುದೇ ಭಾಗ್ಯ!’

ಹಿರಿಯ ಅನ್ನಲು ಹೋಗಿ ಇರಿಯ. ದೊಡ್ಡವರು ಎನ್ನಲು ಹೋಗಿ, ಕೊಂಬಿನಿಂದ ತಿವಿಯುವವರು ಎಂದಾಗಿತ್ತು. ಸಭೆ ಇನ್ನೂ ಅರಗಿಸಿಕೊಳ್ಳುತ್ತಿತ್ತು. ತಿದ್ದಲೆಂದು ನಾನು ನಿರೂಪಣೆಗೆ ಕೊಟ್ಟಿದ್ದ ನನ್ನ ಮೈಕ್ ಬಾಯಿಯ ಹತ್ತಿರ ತಂದೆ. ಕುರ್ಚಿಯಿಂದ ಒಂದು ಕೈ ಮುಂದೆ ಬಂತು. ಮೈಕ್ ಕೊಟ್ಟೆ. ಚಿಕ್ಕಮ್ಮ ಬುಟ್ಟಿಯನ್ನು ನನ್ನ ಕೈಗೆ ದಾಟಿಸಿ ಎದ್ದು ನಿಂತಳು.

‘ಅಧ್ಯಕ್ಷರು ನನ್ನನ್ನ ಇರಿಯ ನಿರೂಪಕಿ ಅಂದಿದ್ದಾರೆ. ನಮ್ಮ ಹುಡುಗಿ ತಿದ್ದೋಕೆ ಹೊರಟಿದ್ಲು, ನಾನೇ ಬೇಡ ಅಂದೆ. ಇನ್ನೊಂದು ಪದಕ್ಕೆ ನನಗಿನ್ನೂ ವಯಸ್ಸಾಗಿಲ್ಲ. ಇದು ಸರಿಯಾಗೇ ಇದೆ.’

ಮೊದಲು ಹಿಂದಿನ ಸಾಲಿನ ಅವಳ ಹಳೆಯ ವಿದ್ಯಾರ್ಥಿಗಳು ನಕ್ಕರು, ಆಮೇಲೆ ನಡುವಿನವರು, ಕೊನೆಗೆ ಬೇರೆ ದಾರಿಯಿಲ್ಲದೆ ಅಧ್ಯಕ್ಷರೂ ನಕ್ಕರು. ನಗು ಇಳಿಯುವ ಮೊದಲೇ ಚಿಕ್ಕಮ್ಮ ಶಾಲನ್ನು ಭುಜದ ಮೇಲೆ ಹಿಂದಕ್ಕೆಸೆದು, ‘ಈಗ ಮಕ್ಕಳಿಂದ ಸಮೂಹ ನೃತ್ಯ. ಮಕ್ಕಳು ರೆಡಿನಾ? ಬಲಗಡೆ ಲೈಟಿನವರು ಎಲ್ಲಿದೀರಪ್ಪ?’ ಅಂದಳು. ಮೈಕ್ ವಾಪಸ್ಸು ಬರಲಿಲ್ಲ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಿಲ್ಲಲು ಜಾಗ ಕಾಣದೆ, ಅವಳಿಗೆಂದು ಹಾಕಿದ್ದ ಕುರ್ಚಿಯಲ್ಲಿ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತೆ.